ಸೂಜಿಯ ಮರುದಿನದ ಕೂಲಿ

ಕೊಡಗಿನ ಸಿದ್ದಾಪುರದ ಕಡೆ ರೊಬಸ್ಟಾ ಕಾಫಿ ಕೊಯ್ಲು ಶುರುವಾದರೆ ಹಗಲು ಹೊತ್ತು ತೋಟದ ಕೂಲಿಕಾರರ ಲೈನ್‌ಮನೆಗಳಲ್ಲಿ ಯಾರೂ ಸಿಗುವುದಿಲ್ಲ. ಕೂಲಿ ಕೆಜಿ ಲೆಕ್ಕದಲ್ಲಿ. ಎಷ್ಟು ಕೊಯ್ದರೆ ಅಷ್ಟೇ ದುಡ್ಡು. ಅಂಥ ಒಂದು ಗುರುವಾರ ಆಶಾ ಕಾರ್ಯಕರ್ತೆಯ ಜೊತೆ ನಾನೂ ಹೋಗಿದ್ದೆ. ಲಸಿಕೆಗೆ ಬರಬೇಕಿದ್ದ ಮಕ್ಕಳಲ್ಲಿ ಅರ್ಧದಷ್ಟೂ ಬಂದಿರಲಿಲ್ಲ.

ಇವರಿಗೆಲ್ಲ ತಿಳುವಳಿಕೆ ಇಲ್ಲ ಅಂದುಬಿಡುವುದು ಸುಲಭ. ನಾವು ಸಂಜೆ ಕಣಕ್ಕೆ ಹೋದೆವು. ಹಣ್ಣಿನ ಚೀಲಗಳನ್ನು ತೂಕಕ್ಕಿಟ್ಟು ಹೆಂಗಸರು ಕಾಯುತ್ತಿದ್ದರು. ಅವರಲ್ಲೊಬ್ಬ ತಾಯಿ ಹೇಳಿದರು: "ಸೂಜಿ ಬೇಡ ಅಂತಲ್ಲ ಅಕ್ಕಾ. ಹೋದ್ಸಲ ಹಾಕಿಸಿದ ರಾತ್ರಿ ಮಗೂಗೆ ಜ್ವರ. ತೊಡೆ ಗಟ್ಟಿಯಾಗಿತ್ತು. ಮಾರನೇ ದಿನಾನೂ ಕೆಲಸಕ್ಕೆ ಹೋಗೋಕಾಗ್ಲಿಲ್ಲ." ಹಾಗಂದವರೇ ಮನೆಯಿಂದ, ಲಸಿಕೆಯ ವಿವರ ಬರೆಯುವ 'ತಾಯಿ ಕಾರ್ಡ್' ತಂದು ತೋರಿಸಿದರು. ಅಕ್ಕಿ ಡಬ್ಬದೊಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದರು. ಒಂದು ಮಡಿಕೆಯೂ ಬಿದ್ದಿರಲಿಲ್ಲ. ಅಸಡ್ಡೆ ಇದ್ದವರು ಹೀಗೆ ಇಡುತ್ತಾರಾ?

ನನಗೆ ಆಗ ಉದಯಪುರದ ಪ್ರಯೋಗ ನೆನಪಾಯಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಜೊತೆಗಾರರು ರಾಜಸ್ಥಾನದ ಹಳ್ಳಿಗಳಲ್ಲಿ ಮಾಡಿದ್ದು; 2010ರಲ್ಲಿ ಪ್ರಕಟವಾಯಿತು. ಏನೂ ಮಾಡದ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಪಡೆದ ಮಕ್ಕಳು ಶೇ 6. ತಪ್ಪದೆ ಶಿಬಿರ ನಡೆಸಿದ ಕಡೆ ಶೇ 18. ಶಿಬಿರದ ಜೊತೆ ಪ್ರತಿ ಸಲ ಒಂದು ಕೆಜಿ ಬೇಳೆ, ಎಲ್ಲ ಮುಗಿದ ಮೇಲೆ ಊಟದ ತಟ್ಟೆ ಕೊಟ್ಟ ಕಡೆ ಶೇ 39. ಬೇಳೆ ಕೊಟ್ಟರೆ ಖರ್ಚು ಜಾಸ್ತಿ ಅನಿಸುತ್ತದೆ, ಅಲ್ವಾ? ಆದರೆ ಪೂರ್ತಿ ಲಸಿಕೆ ಪಡೆದ ಒಂದು ಮಗುವಿನ ಲೆಕ್ಕಕ್ಕೆ ಖರ್ಚು ಸುಮಾರು ಅರ್ಧಕ್ಕೆ ಇಳಿಯಿತು. ನಾಲ್ಕು ಮಕ್ಕಳು ಬಂದರೂ ನಲವತ್ತು ಮಕ್ಕಳು ಬಂದರೂ ನರ್ಸಿನ ಆ ದಿನದ ಸಂಬಳ ಒಂದೇ ತಾನೇ.

ಬೇಳೆ ಕೊಡಲು ನಮ್ಮ ಬಳಿ ದುಡ್ಡಿರಲಿಲ್ಲ. ದಿನ ಬದಲಾಯಿಸಬಹುದಿತ್ತು. ಶನಿವಾರ ಸಂಜೆ, ತೂಕ ಮುಗಿದ ಮೇಲೆ, ಕಣದ ಪಕ್ಕದಲ್ಲೇ ಸೂಜಿ ಹಾಕಿದರೆ ಮಾರನೇ ದಿನ ಹೇಗೂ ರಜೆ. ಜ್ವರ ಬಂದರೂ ಕೂಲಿ ಹೋಗುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಒಪ್ಪಿದರು. ನರ್ಸಮ್ಮನಿಗೆ ಅದು ಹೆಚ್ಚಿನ ಕೆಲಸ, ಆದರೂ ಬಂದರು. ಆಶಾ ಕಾರ್ಯಕರ್ತೆ ಜ್ವರದ ಔಷಧಿ ಎಷ್ಟು ಹನಿ ಅಂತ ಒಬ್ಬೊಬ್ಬರಿಗೂ ತೋರಿಸಿಕೊಟ್ಟರು. ಗುರುವಾರಕ್ಕಿಂತ ತುಂಬಾ ಜಾಸ್ತಿ ಮಕ್ಕಳು ಬಂದರು.

ಹಾಗಂತ ದಿನ ಬದಲಿಸಿದ್ದೇ ಸಾಕು ಅಂತ ನಾನು ಒಪ್ಪುವುದಿಲ್ಲ. ಉದಯಪುರದಲ್ಲೂ ಬೇಳೆ ಕೊಟ್ಟ ಮೇಲೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎಲ್ಲ ಲಸಿಕೆ ಆಗಿರಲಿಲ್ಲ. ಮಗುವಿಗೆ ಜ್ವರ ಬಂದ ದಿನಕ್ಕೆ ತಾಯಿಗೆ ಕೂಲಿ ಕೊಡಿ ಅಂತ ತೋಟದ ಮಾಲೀಕರನ್ನು ಕೇಳಿದ್ದೇವೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ.