ಸ್ಯಾಂಪಲ್ ಪ್ರಪೋಸಲ್ ಕಳಿಸ್ತೀರಾ ಅಂತ ಕೇಳೋರಿಗೆ

ಫೆಬ್ರವರಿ ಬಂತು ಅಂದ್ರೆ ಸಾಕು, ಒಂದೇ ಪ್ರಶ್ನೆ: "ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಪ್ರಪೋಸಲ್ ಹೇಗೆ ಬರೀಬೇಕು, ನಿಮ್ದೊಂದು ಸ್ಯಾಂಪಲ್ ಕಳಿಸ್ತೀರಾ?" ಓಪನ್ ಸೋರ್ಸ್, ಅಂದ್ರೆ ಕೋಡ್ ಎಲ್ಲರಿಗೂ ತೆರೆದಿರೋ ಪ್ರಾಜೆಕ್ಟ್‌ಗಳಲ್ಲಿ ಹೊಸಬರು ಸ್ಟೈಪೆಂಡ್ ಪಡೆದು ಕೆಲಸ ಮಾಡೋ ಗೂಗಲ್ ಕಾರ್ಯಕ್ರಮ ಅದು. ಸ್ಯಾಂಪಲ್ ಕಳಿಸ್ತೀನಿ, ಆದ್ರೆ ಬರೀ ಅದರಿಂದ ಕೆಲಸ ಆಗಲ್ಲ. ಮೆಂಟರ್, ಅಂದ್ರೆ ಆ ಪ್ರಾಜೆಕ್ಟಲ್ಲಿ ನಿಮಗೆ ದಾರಿ ತೋರಿಸೋರು, ನಿಮ್ಮ ಪ್ರಪೋಸಲ್ ಓದೋಷ್ಟರಲ್ಲಿ ನೀವು ಯಾರು ಅಂತ ಅವರಿಗೆ ಗೊತ್ತಿರ್ಬೇಕು.

ನಾನು ಮೊದಲನೇ ಸಲ ಹನ್ನೆರಡು ಪೇಜ್ ಬರೆದಿದ್ದೆ, ಡಯಾಗ್ರಾಮ್ ಎಲ್ಲಾ ಹಾಕಿ, ಆದ್ರೆ ಆ ಪ್ರಾಜೆಕ್ಟಲ್ಲಿ ನನ್ನ ಹೆಸರನ್ನ ಒಬ್ರೂ ನೋಡಿರ್ಲಿಲ್ಲ, ಸೆಲೆಕ್ಟ್ ಆಗ್ಲಿಲ್ಲ. ಮುಂದಿನ ವರ್ಷ ಡಿಸೆಂಬರಲ್ಲೇ ಶುರು ಮಾಡ್ದೆ. ಕೋಡ್ ಇಳಿಸ್ಕೊಂಡು ಬಿಲ್ಡ್ ಮಾಡೋಕೇ ಎರಡು ದಿನ ಹಿಡೀತು, ಇನ್‌ಸ್ಟಾಲ್ ಗೈಡಲ್ಲಿ ಒಂದು ಸ್ಟೆಪ್ ಬಿಟ್ಟುಹೋಗಿತ್ತು, ಅದನ್ನ ಸರಿ ಮಾಡಿದ್ದೇ ನನ್ನ ಮೊದಲನೇ ಪ್ಯಾಚ್ (ಪ್ರಾಜೆಕ್ಟ್‌ಗೆ ಕಳಿಸೋ ತಿದ್ದುಪಡಿ). ಆಮೇಲೆ ಒಂದು ಚಿಕ್ಕ ಬಗ್, ಅದಕ್ಕೆ ರಿವ್ಯೂ ಮೇಲೆ ರಿವ್ಯೂ, ಟೆಸ್ಟ್ ಎಲ್ಲಿ ಅಂತ ಕೇಳಿದ್ರು, ಬರೆದೆ, ಮೂರು ವಾರ ಆದ್ಮೇಲೆ ಮರ್ಜ್ ಆಯ್ತು, ಅಂದ್ರೆ ಮುಖ್ಯ ಕೋಡ್‌ಗೆ ಸೇರ್ತು. ಆ ವರ್ಷ ಪ್ರಪೋಸಲ್ ನಾಲ್ಕೇ ಪೇಜ್, ಆದ್ರೆ ಯಾವ ಫೈಲಲ್ಲಿ ಏನು ಬದಲಾಗ್ಬೇಕು ಅಂತ ನಂಗೆ ಗೊತ್ತಿತ್ತು, ಡೆಡ್‌ಲೈನ್‌ಗೆ ಎರಡು ವಾರ ಮುಂಚೆನೇ ಡ್ರಾಫ್ಟ್ ತೋರಿಸಿದ್ದೆ, ಮೆಂಟರ್ ಅರ್ಧ ಟೈಮ್‌ಲೈನ್ ಬದಲಾಯಿಸೋಕೆ ಹೇಳಿದ್ರು. ಸಿಕ್ತು.

ಮೆಂಟರ್ ಕಡೆಯಿಂದನೂ ಯೋಚಿಸಿ. ಪ್ರತಿ ಸಂಸ್ಥೆಗೂ ಗೂಗಲ್ ಇಂತಿಷ್ಟೇ ಸ್ಲಾಟ್ ಕೊಡೋದು. ಸಾಮಾನ್ಯವಾಗಿ ಹನ್ನೆರಡು ವಾರ ಮೆಂಟರ್ ತಮ್ಮ ಬಿಡುವಿನ ಟೈಮ್ ನಿಮಗೆ ಕೊಡ್ತಾರೆ, ಹಾಗಾಗಿ ತಪ್ಪು ಹೇಳಿದ್ರೆ ತಿದ್ಕೊಂಡು ವಾಪಸ್ ಬರೋರನ್ನೇ ಹುಡುಕ್ತಾರೆ. ಮೂರು ಪ್ರಪೋಸಲ್ ತನಕ ಹಾಕ್ಬಹುದು, ಆದ್ರೂ ನನ್ನ ಪ್ರಕಾರ ಒಂದೇ ಪ್ರಾಜೆಕ್ಟಲ್ಲಿ ಆಳಕ್ಕೆ ಇಳಿಯೋದು ಒಳ್ಳೇದು. ಔಟ್‌ರೀಚಿ ಅಂತ ಇನ್ನೊಂದು ಓಪನ್ ಸೋರ್ಸ್ ಇಂಟರ್ನ್‌ಶಿಪ್ ಇದೆ, ಅದರಲ್ಲಂತೂ ಮೊದಲು ಕಾಂಟ್ರಿಬ್ಯೂಷನ್ ಮಾಡ್ಲೇಬೇಕು, ಅದು ವರ್ಷಕ್ಕೆ ಎರಡು ಸಲ ಇರುತ್ತೆ, ಸ್ಟೈಪೆಂಡ್ 7000 ಡಾಲರ್.

ಗೂಗಲ್ ಸ್ಟೈಪೆಂಡ್ ದೇಶ ನೋಡಿ, ಪ್ರಾಜೆಕ್ಟ್ 90, 175, 350 ಗಂಟೆ ಯಾವ್ದು ಅಂತ ನೋಡಿ ಬದಲಾಗುತ್ತೆ. ತಿಂಗಳ ಸಂಬಳ ಅಲ್ಲ ಅದು, ಇವ್ಯಾಲ್ಯುಯೇಷನ್ ಪಾಸ್ ಆದ್ಮೇಲೆ ಬರೋದು, ಮನೆ ಖರ್ಚು ಅದರ ಮೇಲೆ ನಿಂತಿದ್ರೆ ಮೊದಲೇ ಲೆಕ್ಕ ಹಾಕ್ಕೊಳ್ಳಿ. ಕಾಲೇಜ್ ಮುಗಿಸಿದೋರು ಹಿಂಜರೀಬೇಡಿ, 2022ರಿಂದ ಸ್ಟೂಡೆಂಟ್ ಆಗಿರ್ಲೇಬೇಕು ಅಂತಿಲ್ಲ, 18 ತುಂಬಿರ್ಬೇಕು, ಓಪನ್ ಸೋರ್ಸ್‌ಗೆ ಹೊಸಬರಾಗಿರ್ಬೇಕು, ಅಷ್ಟೇ ಮುಖ್ಯ.

ಸ್ಯಾಂಪಲ್ ಕೇಳೋವಾಗ ಯಾವ ಪ್ರಾಜೆಕ್ಟ್ ಬಿಲ್ಡ್ ಮಾಡಿದ್ರಿ, ಎಲ್ಲಿ ಎರರ್ ಬಂತು ಅಂತಾನೂ ಬರೀರಿ, ನಾನು ಮೊದಲು ಅದಕ್ಕೇ ಉತ್ತರ ಕೊಡ್ತೀನಿ.