ಕೋಳಿ ಗೂಡಿನ ಜಗಳ

ಹಿತ್ತಲಲ್ಲಿ ಕೋಳಿ ಸಾಕಿದ್ದೇನೆ ಅಂದರೆ ಸಾಕು, ಪಕ್ಕದ ಮನೆಯವರು ಹಕ್ಕಿಜ್ವರದ ಮಾತೆತ್ತುತ್ತಾರೆ. ಅವರ ಭಯ ಸುಮ್ನೆ ಅಲ್ಲ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಅನ್ನೋ ಹಕ್ಕಿಜ್ವರದ ವೈರಸ್ ಸೋಂಕು 18 ಜನರಿಗೆ ತಗುಲಿ 6 ಮಂದಿ ಸತ್ತರು. ಆದರೆ ಅಲ್ಲಿ ಮುಖ್ಯವಾಗಿ ಬೆರಳು ತೋರಿಸಿದ್ದು ಜೀವಂತ ಕೋಳಿ ಮಾರುವ ಮಾರುಕಟ್ಟೆಗಳತ್ತ.

ನನಗೆ ಜಾಸ್ತಿ ಚಿಂತೆ ಸಾಲ್ಮೊನೆಲ್ಲಾದ್ದು, ಅಂದರೆ ಭೇದಿ, ಜ್ವರ ತರುವ ಬ್ಯಾಕ್ಟೀರಿಯಾದ್ದು. ಕೋಳಿ ಮಣ್ಣು ಕೆದಕುತ್ತಾ ಗಟ್ಟಿಮುಟ್ಟಾಗೇ ಇರುತ್ತದೆ, ಹಿಕ್ಕೆಯಲ್ಲಿ ಮಾತ್ರ ರೋಗಾಣು ಇರಬಹುದು. ಮಕ್ಕಳು ಅದನ್ನು ಮುದ್ದಾಡಿ ಅದೇ ಕೈ ಬಾಯಿಗೆ ಹಾಕಿಕೊಳ್ಳುತ್ತಾರೆ ಅಲ್ವಾ? ಅದಕ್ಕೇ ಗೂಡಿನ ಬಾಗಿಲಲ್ಲೇ ಸೋಪು ಇಟ್ಟಿದ್ದೇನೆ. ಗೂಡಿನ ಚಪ್ಪಲಿ ಮನೆಯೊಳಗೆ ಬರುವಂತಿಲ್ಲ.

ಯಾರೂ ಎತ್ತದ ವಿಷಯ ಮಣ್ಣಿನಲ್ಲಿರುವ ಸೀಸ ಅನ್ನೋ ವಿಷಕಾರಿ ಲೋಹ. ಹಳೇ ಬಣ್ಣ, ಹಿಂದಿನ ಪೆಟ್ರೋಲಿನ ಹೊಗೆಯಿಂದ ನಗರದ ಮಣ್ಣಿಗೆ ಸೇರಿದ್ದು ಕೋಳಿಯ ಹೊಟ್ಟೆ ಸೇರಿ ಮೊಟ್ಟೆಗೂ ಬರುತ್ತದೆ. ಹುಂಜ ಕೂಗಿದ್ದಕ್ಕೆ ದೂರು ಕೊಟ್ಟವರು, ಮಣ್ಣು ಪರೀಕ್ಷೆ ಮಾಡಿಸಿದ್ದೀರಾ ಅಂತ ಒಮ್ಮೆಯೂ ಕೇಳಿಲ್ಲ.