ನಳ್ಳಿ ನೀರು ಬಾವಿಗೆ ಹೋಗುತ್ತಿದ್ದ ದಾರಿ

ಸಿಕ್ಕಿತು. ಅಂಗಳ ಅಗೆಸಿದ, ಬಿರುಕು ಮುಚ್ಚುವ ಎಂಸೀಲ್ ಅಂಟನ್ನು ಎರಡು ಪ್ಯಾಕೆಟ್ ತಿಂದ ಸೋರಿಕೆ ಪೈಪಿನಲ್ಲೂ ಇರಲಿಲ್ಲ, ನಳ್ಳಿಯಲ್ಲೂ ಇರಲಿಲ್ಲ. ನೀರು ಟ್ಯಾಂಕಿಗೆ ಬರುವ ದಾರಿಯಲ್ಲೇ ಹಿಂದೆ ಹೋಗುತ್ತಿತ್ತು. ಮನೆ ಮನೆಯ ನೀರಿನ ಲೆಕ್ಕ ತೆಗೆಯುವ ನಮ್ಮ ಕೆಲಸದ ಉಳಿದ ಭಾಗವೆಲ್ಲ ಸರಾಗ ಸಾಗುತ್ತಿದೆ. ನಳ್ಳಿಯ ಬಾಯಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿ) ಹಾಕುವುದು, ಹಳೇ 10 ಲೀಟರಿನ ಫ್ಲಶ್ ಟ್ಯಾಂಕಿನೊಳಗೆ ನೀರು ತುಂಬಿದ ಬಾಟಲಿ ಇಡುವುದು (ಮುರಕಲ್ಲಿನ ತುಂಡು ಬೇಡ, ಕರಗಿ ವಾಲ್ವಿಗೆ ಸಿಕ್ಕಿಹಾಕಿಕೊಳ್ಳುತ್ತದೆ), ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ಈ ಸಲ ಒಂದೇ ಮನೆಯ ಕಥೆ.

ಕುಂಬಳೆಯ ಒಳಭಾಗದ ಮನೆ. ಬಾವಿಯೂ ಉಂಟು, ನಳ್ಳಿಯ ಕನೆಕ್ಷನೂ ಉಂಟು. ಎರಡೂ ಮಾಡಿನ ಮೇಲಿನ ಒಂದೇ 1000 ಲೀಟರಿನ ಕಪ್ಪು ಟ್ಯಾಂಕಿಗೆ ಬೀಳುತ್ತವೆ. ನಳ್ಳಿ ನೀರು ಬಾಲ್‌ವಾಲ್ವಿನ (ಟ್ಯಾಂಕ್ ತುಂಬಿದಾಗ ತೇಲುವ ಚೆಂಡು ಮೇಲೆದ್ದು ನೀರು ನಿಲ್ಲಿಸುವ ವಾಲ್ವ್) ಮೂಲಕ, ಬಾವಿ ನೀರು ಒಂದು ಎಚ್‌ಪಿ ಮೋನೋಬ್ಲಾಕ್ ಪಂಪಿನ ಮೂಲಕ. ನಮ್ಮ ಕಾಸರಗೋಡಿನಲ್ಲಿ ಬಹಳಷ್ಟು ಮನೆಗಳ ಜೋಡಣೆ ಹೀಗೇ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು, ಏಪ್ರಿಲಿನಲ್ಲಿ ಕೊಡಪಾನ ಹಿಡಿದು ನಿಲ್ಲುವ ಊರಲ್ಲವೇ ನಮ್ಮದು; ಒಂದನ್ನೇ ನಂಬಿ ಕೂರುವ ಧೈರ್ಯ ಯಾರಿಗೂ ಇಲ್ಲ.

ಜಲ ಪ್ರಾಧಿಕಾರಗಳ ಕರಪತ್ರಗಳಲ್ಲಿ ಎಲ್ಲ ಕಡೆಯೂ ಬರುವ ಪರೀಕ್ಷೆ ಒಂದೇ: ಮನೆಯ ನಳ್ಳಿಗಳನ್ನೆಲ್ಲ ಮುಚ್ಚಿ ಮೀಟರ್ ನೋಡಿ, ಒಳಗಿನ ನಕ್ಷತ್ರದಾಕಾರದ ಸಣ್ಣ ಚಕ್ರ ತಿರುಗುತ್ತಿದ್ದರೆ ಸೋರಿಕೆ ಉಂಟು. ದಿನಪೂರ್ತಿ ಒತ್ತಡ ಇರುವ ಊರಿಗೆ ಇದು ಸರಿ. ಹೊತ್ತು ನೋಡಿ ನೀರು ಬಿಡುವ ಕಡೆ ಎರಡು ತಿದ್ದುಪಡಿ ಬೇಕು. ನೀರು ಬಂದ ಕೂಡಲೇ ನೋಡಬಾರದು: ಖಾಲಿ ಪೈಪಿನ ಗಾಳಿ ಮೊದಲು ಬಂದು ನಕ್ಷತ್ರವನ್ನು ಗಿರಗಿಟ್ಟಲೆಯ ಹಾಗೆ ತಿರುಗಿಸುತ್ತದೆ, ಅರ್ಧ ಗಂಟೆ ಬಿಡಿ. ಇನ್ನೊಂದು, ಬಾಲ್‌ವಾಲ್ವಿನ ಕಡ್ಡಿಯನ್ನು ಹಗ್ಗದಿಂದ ಮೇಲಕ್ಕೆ ಕಟ್ಟಿಯೇ ನೋಡಬೇಕು. ಇಲ್ಲದಿದ್ದರೆ ಟ್ಯಾಂಕಿನಿಂದ ಮುಂದಿನ ಸೋರಿಕೆಯೂ ಮೀಟರಿನಲ್ಲಿ ಕಾಣಿಸಿ ದಾರಿ ತಪ್ಪಿಸುತ್ತದೆ.

ಎರಡನೆಯದನ್ನು ಈ ಮನೆಯಲ್ಲಿ ಬಿಟ್ಟದ್ದೇ ಎಡವಟ್ಟು. ನಕ್ಷತ್ರ ನಿಧಾನಕ್ಕೆ, ಒಂದೇ ಸಮನೆ ತಿರುಗುತ್ತಿತ್ತು. ಮೀಟರಿನ ಲೆಕ್ಕದಲ್ಲಿ ನಿಮಿಷಕ್ಕೆ 300 ಮಿಲಿಲೀಟರಿನ ಆಸುಪಾಸು. ಮಣ್ಣಿನೊಳಗಿನ ಪೈಪೇ ಒಡೆದಿದೆಯೆಂದು ಮೀಟರಿನಿಂದ ಗೋಡೆಯವರೆಗೆ ಅಂಗಳ ಅಗೆದಾಯಿತು. ಮಣ್ಣು ಹುರಿದ ಅವಲಕ್ಕಿಯ ಹಾಗೆ ಒಣಗಿತ್ತು. ಆಮೇಲೆ ಬಾಲ್‌ವಾಲ್ವನ್ನು ಮೇಲಕ್ಕೆ ಕಟ್ಟಿದರೆ ನಕ್ಷತ್ರ ಗಪ್‌ಚಿಪ್. ಅಂದರೆ ಮೀಟರಿನಿಂದ ಟ್ಯಾಂಕಿನವರೆಗೆ ಎಲ್ಲವೂ ಸರಿ, ಹೋಗುತ್ತಿರುವುದು ಟ್ಯಾಂಕಿನಿಂದ.

ಇಲ್ಲಿಂದ ಮುಂದೆ ಮೀಟರಿಗೆ ಕೆಲಸವಿಲ್ಲ, ಟ್ಯಾಂಕನ್ನೇ ಮೀಟರ್ ಮಾಡಬೇಕು. ಮೇಸ್ತ್ರಿಗಳ ಮಟ್ಟದ ಟ್ಯೂಬಿನ ಒಂದು ತುದಿಗೆ ಭಾರ ಕಟ್ಟಿ ಟ್ಯಾಂಕಿಗೆ ಇಳಿಸಿ, ಬಾಯಲ್ಲಿ ಎಳೆದು ನೀರು ತುಂಬಿಸಿ, ಇನ್ನೊಂದು ತುದಿಯನ್ನು ಹೊರಗೆ ಸ್ಟೀಲ್ ಸ್ಕೇಲಿನ ಪಕ್ಕ ನೆಟ್ಟಗೆ ಕಟ್ಟಿದರೆ ಒಳಗಿನ ಮಟ್ಟ ಹೊರಗೆ ಕಾಣುತ್ತದೆ. ಕಪ್ಪು ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ಅಂದಾಜು ಮಾಡುವುದಕ್ಕಿಂತ ಇದು ಸಾವಿರ ಪಾಲು ಮೇಲು. 8 ಮಿಲಿಮೀಟರಿನ ಟ್ಯೂಬ್ ಕೇಳಿದರೆ ಅಂಗಡಿಯಲ್ಲಿ 5ರದ್ದು ಕೊಟ್ಟು “ಎಲ್ಲ ಒಂದೇ” ಎಂದರು. ಒಂದೇ ಅಲ್ಲ ಮಾರಾಯರೇ. ಸಪೂರ ಟ್ಯೂಬಿನಲ್ಲಿ ಗುಳ್ಳೆ ಕೂತರೆ ಏಳುವುದಿಲ್ಲ, ನೀರು ಗೋಡೆಗಂಟಿ ಮಟ್ಟವೂ ಮೇಲೆ ತೋರಿಸುತ್ತದೆ. ಸರಿಯಾದದ್ದು ಬೇಕಿದ್ದರೆ “ಮಂಗಳೂರಿನಿಂದ ಲೋಡ್ ಬರಬೇಕು”. ನಮ್ಮ ಜಿಲ್ಲೆಯ ಹಾರ್ಡ್‌ವೇರ್ ಅಂಗಡಿಗಳ ನಾಡಗೀತೆ ಇದು.

ಮಿಲಿಮೀಟರಿಗೆ ಎಷ್ಟು ಲೀಟರ್ ಎಂಬುದನ್ನು ಟ್ಯಾಂಕಿನ ಸ್ಟಿಕ್ಕರ್ ನೋಡಿ ಲೆಕ್ಕ ಹಾಕಬೇಡಿ. ಗೋಡೆಯ ಉಬ್ಬು ತಗ್ಗುಗಳಿಂದ ತಪ್ಪುತ್ತದೆ. ಅಳತೆ ಮಾಡಿದ ಬಕೆಟಿನಲ್ಲಿ 100 ಲೀಟರ್ ಹೊಯ್ದು ಮಟ್ಟ ಎಷ್ಟು ಏರಿತು ನೋಡಿ. ಇಲ್ಲಿ 115 ಮಿಲಿಮೀಟರ್ ಏರಿತು. ಅಂದರೆ ಒಂದು ಮಿಲಿಮೀಟರಿಗೆ 0.87 ಲೀಟರ್.

ರಾತ್ರಿ 8ಕ್ಕೆ ಬಾಲ್‌ವಾಲ್ವ್ ಮೇಲಕ್ಕೆ ಕಟ್ಟಿ, ಮನೆಯೊಳಗೆ ಇಳಿಯುವ ಪೈಪಿನ ಗೇಟ್‌ವಾಲ್ವ್ ಮುಚ್ಚಿ, ಅದು ನಿಜಕ್ಕೂ ಮುಚ್ಚಿದೆಯೇ ಎಂದು ಅತಿ ತಗ್ಗಿನ ಬಚ್ಚಲಿನ ನಳ್ಳಿ ತೆರೆದು ಖಚಿತ ಮಾಡಿಯಾಯಿತು. ಮಟ್ಟ ಆದರೂ ಇಳಿಯಿತು. ಗಂಟೆಗೆ 20 ಮಿಲಿಮೀಟರ್, ಗೆರೆ ಎಳೆದ ಹಾಗೆ. ಗಂಟೆಗೆ 17 ಲೀಟರಿಗಿಂತ ಸ್ವಲ್ಪ ಹೆಚ್ಚು, ನಿಮಿಷಕ್ಕೆ 290 ಮಿಲಿಲೀಟರ್. ಮೀಟರ್ ಹೇಳಿದ್ದಕ್ಕೆ ತಾಳೆಯಾಯಿತು. ಬೆಳಗಿನ ಜಾವ 5 ಗಂಟೆ ದಾಟಿದ ಮೇಲೆ ಇಳಿಯುವುದು ನಿಂತೇಹೋಯಿತು. ಒಟ್ಟು 186 ಮಿಲಿಮೀಟರ್. ಮರುದಿನ ತುಂಬಿಸಿ ಮತ್ತೆ ನೋಡಿದರೂ 186ಕ್ಕೇ ನಿಂತಿತು.

ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಇಟ್ಟಿದೆ. ಇಲ್ಲಿ ರಾತ್ರಿಯೊಂದರಲ್ಲಿ 160 ಲೀಟರ್, ಹೆಚ್ಚು ಕಡಿಮೆ ಮೂವರ ಪಾಲು, ಕಣ್ಣಿಗೆ ಬೀಳದೆ ಹೋಗುತ್ತಿತ್ತು.

ಒಂದು ಮಟ್ಟಕ್ಕೆ ಬಂದು ನಿಲ್ಲುವ ಸೋರಿಕೆ ಎಂದರೆ ಮೊದಲು ಹೊಳೆಯುವುದು ಟ್ಯಾಂಕಿನ ಗೋಡೆಯ ಬಿರುಕು. ಬಿರುಕಿನ ಮಟ್ಟದವರೆಗೆ ಇಳಿದು ನಿಲ್ಲುತ್ತದಲ್ಲ, ತರ್ಕ ಸರಿಯೇ. ಆ ಎತ್ತರದಲ್ಲಿ ಸುತ್ತಲೂ ಎಂಸೀಲ್ ಮೆತ್ತಿದ್ದು ಈ ತರ್ಕದ ಫಲ. ಆದರೆ ಗಂಟೆಗೆ 17 ಲೀಟರ್ ಹೊರಬಂದರೆ ಮಾಡು ಹಸಿಯಾಗದೆ ಇರುತ್ತದೆಯೇ? ಟ್ಯಾಂಕಿನ ಕೆಳಗೆ ಪಾಚಿಯ ಒಂದು ಚುಕ್ಕೆಯೂ ಇರಲಿಲ್ಲ. ಇದನ್ನು ಮೆತ್ತುವ ಮೊದಲು ಯೋಚಿಸಬೇಕಿತ್ತು.

ದಾರಿ ತೋರಿಸಿದ್ದು ಅದೇ ಮಟ್ಟದ ಟ್ಯೂಬ್. ಮೂರನೆಯ ರಾತ್ರಿ ಟ್ಯೂಬಿನ ಸಂಖ್ಯೆ ನಡುವೆ ಅಲುಗಾಡದೆ ನಿಂತಿತು, ಟ್ಯಾಂಕಿನೊಳಗೆ ಮಾತ್ರ ಇಳಿಯುತ್ತಲೇ ಇತ್ತು. ನೋಡಿದರೆ ಟ್ಯಾಂಕಿನ ಅಂಚು ದಾಟುವ ಬಾಗಿನಲ್ಲಿ ಗಾಳಿ ಸೇರಿ ನೀರಿನ ಎಳೆ ತುಂಡಾಗಿತ್ತು. ಆ ಬಾಗನ್ನು ಬೈಯುತ್ತಾ ಟ್ಯೂಬ್ ತೆಗೆಯುವಾಗ ಪಕ್ಕದಲ್ಲೇ ಅದೇ ಆಕಾರದಲ್ಲಿ ಇನ್ನೊಂದು ಕಂಡಿತು: ಪಂಪಿನ ಒಂದು ಇಂಚಿನ ಪೈಪ್. ಬಾವಿಯಿಂದ ಮೇಲೆ ಬಂದು, ಅಂಚು ದಾಟಿ, ಎಲ್ಬೋ ತಿರುಗಿ, ಒಂದು ಅಡಿಯ ತುಂಡಿನಲ್ಲಿ ನೀರಿನೊಳಗೆ ಮುಳುಗಿತ್ತು. ನೀರು ಎತ್ತರದಿಂದ ಬೀಳುವ ಸದ್ದು ರಾತ್ರಿ ಕೇಳಬಾರದೆಂದು ಪ್ಲಂಬರುಗಳು ಹಾಕುವ ಮಾಮೂಲಿ ತುಂಡು. ಅದರ ತುದಿ ತುಂಬಿದ ಮಟ್ಟದಿಂದ ಎಷ್ಟು ಕೆಳಗೆ? ಅಳೆದರೆ 186 ಮಿಲಿಮೀಟರ್. ಎರಡನೆಯ ಸಲ ಅಳೆಯುವ ಅಗತ್ಯವಿರಲಿಲ್ಲ, ಆದರೂ ಅಳೆದೆವು.

ಕೆಲಸ ನಡೆಯುವ ಬಗೆ ಇದು. ಪೈಪಿನ ನೀರು ವಾಪಸು ಬಾವಿಗೆ ಇಳಿಯದಂತೆ ತಡೆಯಬೇಕಾದ, ಬಾವಿಯ ತಳದ ಫುಟ್‌ವಾಲ್ವ್ ಸರಿಯಾಗಿ ಕೂರುವುದಿಲ್ಲ. ಪಂಪ್ ನಿಂತ ಮೇಲೆ ಪೈಪಿನೊಳಗಿನ ನೀರು ಕೆಳಗೆ ಜಾರುತ್ತದೆ, ಜಾರುವಾಗ ಟ್ಯಾಂಕಿನ ನೀರನ್ನು ಬಾಗಿನ ಮೇಲಿಂದ ಎಳೆದುಕೊಳ್ಳುತ್ತದೆ. ಪೈಪಿನ ತುದಿ ನೀರಿನಿಂದ ಹೊರಗೆ ಬಂದಾಗ ಗಾಳಿ ನುಗ್ಗಿ ನಿಲ್ಲುತ್ತದೆ. ನಳ್ಳಿಯಲ್ಲಿ ನೀರು ಬರುವ ಹೊತ್ತಾದರೆ ನಿಲ್ಲುವುದೂ ಇಲ್ಲ: ಮಟ್ಟ ಇಳಿದಂತೆ ಬಾಲ್‌ವಾಲ್ವ್ ತೆರೆದು ತುಂಬಿಸುತ್ತಲೇ ಇರುತ್ತದೆ. ಮೀಟರ್ ದಾಟಿ ಬಂದ ನೀರು ಸದ್ದಿಲ್ಲದೆ ಸ್ವಂತ ಬಾವಿಗೆ ಇಳಿಯುತ್ತದೆ. ಬಾವಿ ಮರುಪೂರಣ ಎಂದರೆ ಇದಲ್ಲ!

ಇದು ಬರೀ ಊಹೆಯಲ್ಲ ಎನ್ನುವುದಕ್ಕೆ ಅಕ್ವೇರಿಯಂ ಅಂಗಡಿಯ ಒಟಿಒ ಹನಿ (ನೀರಿನ ಕ್ಲೋರಿನ್ ಪತ್ತೆ ಮಾಡುವ ದ್ರಾವಣ) ಸಾಕಾಯಿತು. ನಳ್ಳಿ ನೀರಿನಲ್ಲಿ ಉಳಿಕೆ ಕ್ಲೋರಿನ್ ಇರುತ್ತದೆ, ಕನಿಷ್ಠ ಲೀಟರಿಗೆ 0.2 ಮಿಲಿಗ್ರಾಂ ಇರಬೇಕೆಂಬುದು ಮಾನದಂಡ. ಹನಿ ಹಾಕಿದರೆ ಹಳದಿಯಾಗುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ತಿಂಗಳುಗಳಾದ ಬಾವಿಯ ನೀರು ಹಳದಿಯಾಗುವುದಿಲ್ಲ. ಎರಡು ದಿನ ಪಂಪ್ ಹಾಕದೆ, ಟ್ಯಾಂಕಿನಲ್ಲಿ ನಳ್ಳಿ ನೀರು ಮಾತ್ರ ಇಟ್ಟು, ಬಾವಿಯೊಳಗಿನ ಮುರಕಲ್ಲಿನ ದಂಡೆಯಲ್ಲಿ ಕೂತ ಪಂಪಿನ ನೀರು ಹೊಯ್ಯುವ ಬಿರಡೆ ಸಡಿಲಿಸಿ ಲೋಟದಲ್ಲಿ ಹಿಡಿದರೆ ಹಳದಿ. ಕೊಡದಲ್ಲಿ ಸೇದಿದ ಬಾವಿ ನೀರು ಬಿಳಿ. (ಹನಿ ಹಾಕಿದ ನೀರನ್ನು ಬಾವಿಗೆ ಚೆಲ್ಲಬೇಡಿ, ಅದು ಒಳ್ಳೆಯ ರಾಸಾಯನಿಕವಲ್ಲ.)

ಮದ್ದು ಸುಲಭ. ಹ್ಯಾಕ್ಸಾದಲ್ಲಿ ಮುಳುಗಿದ ತುಂಡನ್ನು ಕತ್ತರಿಸಿ, ಪೈಪಿನ ಬಾಯಿ ಓವರ್‌ಫ್ಲೋ ಪೈಪಿಗಿಂತಲೂ ಮೇಲೆ ಇರುವಂತೆ ಮಾಡುವುದು. ಸದ್ದು ಬೇಡವೆಂದರೆ 45 ಡಿಗ್ರಿಯ ಬೆಂಡ್ ಹಾಕಿ ನೀರು ಟ್ಯಾಂಕಿನ ಗೋಡೆಗೆ ತಾಗಿ ಜಾರುವಂತೆ ಮಾಡಬಹುದು. ಕತ್ತರಿಸಲು ಮನಸ್ಸಿಲ್ಲದವರು ಅಂಚಿನ ಒಳಗೆ, ಓವರ್‌ಫ್ಲೋ ಮಟ್ಟಕ್ಕಿಂತ ಮೇಲೆ, ಪೈಪಿನ ಅಡಿಭಾಗಕ್ಕೆ 6 ಮಿಲಿಮೀಟರಿನ ತೂತು ಕೊರೆಯಬಹುದು. ಪಂಪ್ ಓಡುವಾಗ ಅಲ್ಲಿಂದ ಟ್ಯಾಂಕಿನೊಳಗೇ ಚಿಮ್ಮುತ್ತದೆ, ನಿಂತಾಗ ಗಾಳಿ ಒಳಗೆ ಹೋಗಿ ಎಳೆ ತುಂಡಾಗುತ್ತದೆ. 3 ಮಿಲಿಮೀಟರ್ ಸಾಕೆಂದು ಹೊರಟರೆ ತಿಂಗಳೊಳಗೆ ಕೆಂಪು ಲೋಳೆ ಕಟ್ಟಿ ಮುಚ್ಚುತ್ತದೆ.

ಕತ್ತರಿಸಿದ ರಾತ್ರಿ ಮಟ್ಟ ಇಳಿಯಲಿಲ್ಲ. ಬೆಳಿಗ್ಗೆ ಪಂಪ್ ಹಾಕಿದರೆ ನೀರೂ ಬರಲಿಲ್ಲ, ಏರ್ ಹಿಡಿದಿತ್ತು. ಕೆಟ್ಟ ಫುಟ್‌ವಾಲ್ವನ್ನು ಇಷ್ಟು ದಿನ ಮುಚ್ಚಿಟ್ಟದ್ದೇ ಆ ಮುಳುಗಿದ ಪೈಪ್. ರಾತ್ರಿಯಿಡೀ ಟ್ಯಾಂಕಿನ ನೀರು ಇಳಿದು ಪಂಪನ್ನು ತುಂಬಿಸಿಯೇ ಇಡುತ್ತಿತ್ತು. ಮದ್ದು ಕೊಟ್ಟ ಮೇಲೆ ರೋಗ ಹೊರಬಿತ್ತು. ಹಾಗಾಗಿ ನೀವು ಈ ಕೆಲಸಕ್ಕೆ ಕೈ ಹಾಕುವುದಾದರೆ ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಪಂಪ್ ಕೆಡಿಸಿದವರು ನೀವೇ ಎಂದಾಗುತ್ತದೆ.

ಒಂದೂಕಾಲು ಇಂಚಿನ ಹೀರುವ ಪೈಪನ್ನು ಎಳೆದು ಮೇಲೆ ತಂದರೆ, ಫುಟ್‌ವಾಲ್ವಿನ ರಬ್ಬರ್ ಮರದ ಹಾಗೆ ಗಟ್ಟಿಯಾಗಿತ್ತು. ಅದರ ಅಂಚಿನಲ್ಲಿ ಟೆಫ್ಲಾನ್ ಟೇಪಿನ ಒಂದು ಎಳೆ. ಮೇಲಿನ ಥ್ರೆಡ್ಡಿಗೆ ಉದಾರವಾಗಿ ಸುತ್ತಿದ ಟೇಪ್, ಒಳಕ್ಕೆ ತುಂಡಾಗಿ ಬಿದ್ದು ವಾಲ್ವಿನ ಸೀಟಿಗೆ ಕೂತಿತ್ತು. ಥ್ರೆಡ್ಡಿನ ಮೊದಲ ಎರಡು ಸುತ್ತು ಬಿಟ್ಟು ಟೇಪ್ ಸುತ್ತಿ ಎಂದು ಹೇಳುವುದು ಇದಕ್ಕೇ.

ಬರೀ ರಬ್ಬರ್ ಕೇಳಿದರೆ ಯಾವ ಅಂಗಡಿಯಲ್ಲೂ ಇಲ್ಲ. ಪೂರ್ತಿ ವಾಲ್ವ್ ಕೊಳ್ಳಬೇಕಂತೆ, ಅದೂ ಸ್ಪ್ರಿಂಗಿನ ಪ್ಲಾಸ್ಟಿಕ್‌ದು. “ಈಗ ಇದೇ ನಡೆಯುವುದು.” ಸ್ಪ್ರಿಂಗನ್ನು ತಳ್ಳಿ ತೆರೆಯುವುದಕ್ಕೂ ಪಂಪಿನ ಹೀರುವ ಬಲ ಖರ್ಚಾಗುತ್ತದೆ. ಬೇಸಗೆಯಲ್ಲಿ ನೀರು ಪಂಪಿನಿಂದ 6 ಮೀಟರಿಗೂ ಕೆಳಗೆ ಇಳಿಯುವ ಬಾವಿಗೆ ಅಂಥದ್ದನ್ನು ಹಾಕಿದರೆ ಮೇ ತಿಂಗಳಲ್ಲಿ ಅಳಬೇಕಾದೀತು. ಲಾರಿ ಟ್ಯೂಬ್ ಕತ್ತರಿಸಿ ಹಾಕಿದ್ದು ಸೋತಿತು: ಅದಕ್ಕೆ ಹುಟ್ಟಿನಿಂದಲೇ ಬಾಗು, ಎಷ್ಟು ಒತ್ತಿದರೂ ಅಂಚು ಏಳುತ್ತದೆ. ಒಳಗೆ ಬಟ್ಟೆಯ ಪದರ ಇರುವ 3 ಮಿಲಿಮೀಟರಿನ ರಬ್ಬರ್ ಹಾಳೆ, ಇನ್ಸರ್ಷನ್ ಶೀಟ್, ಗೆದ್ದಿತು. ಹಳೇ ರಬ್ಬರಿನ ಅಚ್ಚು ತೆಗೆದು ಬ್ಲೇಡಿನಲ್ಲಿ ಕತ್ತರಿಸಿ, ಹಿತ್ತಾಳೆಯ ಸೀಟನ್ನು ನೀರು ಹಚ್ಚಿದ ನಯವಾದ ಮರಳುಕಾಗದದಿಂದ ಗಾಜಿನ ಮೇಲೆ ಉಜ್ಜಿ ಕೂರಿಸಿದ್ದು.

ಬಾವಿಗೆ ಇಳಿಸುವ ಮೊದಲು ಅಂಗಳದಲ್ಲೇ ಪರೀಕ್ಷೆ: ಒಂದು ಮೀಟರ್ ಪೈಪಿನ ತುಂಡಿಗೆ ವಾಲ್ವ್ ಹಾಕಿ ನೆಟ್ಟಗೆ ನಿಲ್ಲಿಸಿ ನೀರು ತುಂಬಿ ಒಂದು ಗಂಟೆ ನೋಡಿ. ಮಟ್ಟ ಇಳಿಯದಿದ್ದರೆ ಕೆಲಸ ಮುಗಿಯಿತು. ಹನಿ ಹನಿ ಇಳಿದರೆ ಕೂಡಲೇ ಎಸೆಯಬೇಡಿ. ಮೇಲಿನ ನೀರಿನ ಭಾರ ಹೆಚ್ಚಾದಷ್ಟೂ ಚಪ್ಪಟೆ ರಬ್ಬರ್ ಬಿಗಿಯಾಗಿ ಕೂರುತ್ತದೆ.

ವಾರ್ಡಿನ ಕುಟುಂಬಶ್ರೀ ಮಹಿಳಾ ಕೂಟಗಳಿಗೆ ಕೊಡುವ ಕನ್ನಡ-ಮಲಯಾಳ ಹಾಳೆಗೆ ಈಗ ಮೂರು ಸಾಲು ಸೇರಿಸಿದ್ದೇವೆ. ಬಾಲ್‌ವಾಲ್ವ್ ಕಟ್ಟಿ ಮೀಟರ್ ನೋಡಿ. ರಾತ್ರಿ ಟ್ಯಾಂಕಿನ ಮಟ್ಟ ಎಲ್ಲಿ ನಿಲ್ಲುತ್ತದೆ ನೋಡಿ. ಟ್ಯಾಂಕಿಗೆ ಬರುವ ಯಾವ ಪೈಪಿನ ಬಾಯೂ ನೀರಿಗೆ ಮುಳುಗಿರಬಾರದು. ಕೊನೆಯದು ಅಂಗಳದ ನಳ್ಳಿಗೆ ಹೋಸ್ ಸಿಕ್ಕಿಸಿ ಬಕೆಟಿನಲ್ಲೋ ದನದ ಬಾನಿಯಲ್ಲೋ ಅದ್ದಿಡುವವರಿಗೂ ಸೇರಿ: ಮುಖ್ಯ ಪೈಪ್ ಖಾಲಿಯಾಗುವಾಗ ಬಾನಿಯ ಕೊಳೆ ನೀರನ್ನು ಹಿಂದಕ್ಕೆ ಎಳೆದುಕೊಂಡರೆ ಅದು ಪಕ್ಕದ ಮನೆಯ ಲೋಟಕ್ಕೆ ಬರುತ್ತದೆ. ಕೇರಳದಲ್ಲಿ ಬಿಪಿಎಲ್ ಮನೆಗಳಿಗೆ ತಿಂಗಳಿಗೆ 15,000 ಲೀಟರಿನವರೆಗೆ ನೀರಿನ ಶುಲ್ಕವಿಲ್ಲ ಎಂಬ ರಿಯಾಯಿತಿ ಉಂಟಲ್ಲ, ರಾತ್ರಿಗೆ 160 ಲೀಟರ್ ಹೀಗೆ ಇಳಿದರೆ ಅದರ ಮೂರನೇ ಒಂದು ಪಾಲು ಬಾವಿಗೇ.

ಫ್ಲಶ್ ಸೋರಿಕೆಗೆ ಬಣ್ಣ ಹಾಕುವ ಪರೀಕ್ಷೆಯಲ್ಲಿ ಅರಿಶಿನ ಬಿಟ್ಟಿದ್ದೇವೆ, ಕರಗುವುದಿಲ್ಲ, ಕಲೆ ಬೇರೆ. ಪುನರ್ಪುಳಿ ಚೆಂದದ ಕೆಂಪು, ಆದರೆ ಹುಳಿ ಕಡಿಮೆಯಾದರೆ ಮಂಕಾಗುತ್ತದೆ. ಗೆದ್ದದ್ದು ಕುಡಿಯುವ ನೀರಿಗೆ ಹಾಕಿ ಕುದಿಸುವ ಪದಿಮುಗದ (ನೀರಿಗೆ ಗುಲಾಬಿ ಬಣ್ಣ ಕೊಡುವ ಮರ) ಚಕ್ಕೆ: ಒಂದು ಹಿಡಿ ಕುದಿಸಿ ದಟ್ಟ ಕಷಾಯ ಮಾಡಿ ಫ್ಲಶ್ ಟ್ಯಾಂಕಿಗೆ ಹೊಯ್ದು ಅರ್ಧ ಗಂಟೆ ಬಿಟ್ಟರೆ ಕಮೋಡಿನಲ್ಲಿ ಗುಲಾಬಿ ಗೆರೆ ಕಾಣುತ್ತದೆ. ನೋಡಿದವರು ಆಮೇಲೆ ಒಂದು ವಾರ ಆ ನೀರು ಕುಡಿಯುವುದಿಲ್ಲ ಎನ್ನುವುದೊಂದು ತೊಂದರೆ.

ಮುಂದಿನ ಕೆಲಸ ಈಗಲೇ ತಲೆಯಲ್ಲಿ ಕೂತಿದೆ: ಬಾಯಾರು ಎಂಬ ಊರಿನ ಕಡೆಯ ಒಂದು ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ಹರಿವನ್ನು ಬೇಸಗೆಯುದ್ದಕ್ಕೂ ಅಳೆಯುವುದು. ಬಕೆಟ್ ಮತ್ತು ಗಡಿಯಾರ ಸಾಕು ನಿಜ, ಆದರೆ ಸುರಂಗದ ಬಾಯಿಗೆ 90 ಡಿಗ್ರಿಯ ವಿ ಆಕಾರದ ಕಚ್ಚು ಇರುವ ತಗಡು ನಿಲ್ಲಿಸಿದರೆ ಸ್ಕೇಲ್ ನೋಡಿ ಬರೆದಿಟ್ಟರಾಯಿತು. ಕಚ್ಚಿನಲ್ಲಿ 2.5 ಸೆಂಟಿಮೀಟರ್ ನೀರಿದ್ದರೆ ನಿಮಿಷಕ್ಕೆ ಸುಮಾರು 8 ಲೀಟರ್. 5 ಸೆಂಟಿಮೀಟರಿದ್ದರೆ 16 ಅಲ್ಲ, 46. ಚುನಾವಣೆ ಮುಗಿದ ಮೇಲೆ ಬಿಟ್ಟಿ ಸಿಗುವ ಪ್ರಚಾರ ಫಲಕದ ಪ್ಲಾಸ್ಟಿಕ್ ಸನ್‌ಪ್ಯಾಕ್ ಶೀಟಿನಲ್ಲಿ ಒಂದು ಮಾಡಿದ್ದಾಗಿದೆ, ಅದರ ಅಂಚು ದಪ್ಪ, ನೀರು ಅಂಟಿಕೊಂಡು ಇಳಿಯುತ್ತದೆ. 1.5 ಮಿಲಿಮೀಟರಿನ ಅಲ್ಯೂಮಿನಿಯಂ ತಗಡು ಬೇಕು. ಲೋಡ್ ಬರಬೇಕಂತೆ.

ಈ ಮನೆಯ ನಿನ್ನೆ ರಾತ್ರಿಯ ಲೆಕ್ಕ: ಗೇಟ್‌ವಾಲ್ವ್ ಮುಚ್ಚಿ 10 ಗಂಟೆಯ ಅವಧಿಯಲ್ಲಿ ಇಳಿದದ್ದು ಸೊನ್ನೆ. ತೆರೆದಿಟ್ಟು 10 ಗಂಟೆಯ ಅವಧಿಯಲ್ಲಿ 3 ಮಿಲಿಮೀಟರ್, ಅಂದರೆ 2.6 ಲೀಟರ್, ನಿಮಿಷಕ್ಕೆ ಎಂಬತ್ತು ತೊಂಬತ್ತು ಹನಿ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನಳ್ಳಿಯ ಮೇಲೆ ಅನುಮಾನ. ಅರ್ಧ ಇಂಚಿನ ವಾಷರ್ ಬೇಕು. ಅದೊಂದು ಮಾತ್ರ ಅಂಗಡಿಯಲ್ಲಿ ಇತ್ತು.